ರೇಷ್ಮೆ ಎಳೆಗೆ ಕಟ್ಟಿದ ಅಯಸ್ಕಾಂತ

ರಾತ್ರಿ ಆಕಾಶದಲ್ಲಿ ಬಣ್ಣದ ಬೆಳಕು ಕುಣಿಯುವ ಧ್ರುವಪ್ರಭೆ ನೋಡಬೇಕಾದರೆ ನಾರ್ವೆಯಂಥ ಕಡೆ ಹೋಗಬೇಕು. ಅದರ ಜೊತೆ ಬರುವ ಭೂಮಿಯ ಅಯಸ್ಕಾಂತದ ಅಲುಗಾಟವನ್ನು ನಾನು ಮಂಡ್ಯ ಪಕ್ಕದ ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಒಂದು ಗಾಜಿನ ಉಪ್ಪಿನಕಾಯಿ ಜಾಡಿ. ಒಳಗೆ ದಾರದಲ್ಲಿ ತೂಗುವ ಪುಟ್ಟ ಅಯಸ್ಕಾಂತದ ಕಡ್ಡಿ, ಅದಕ್ಕೆ ಅಂಟಿಸಿದ ಉಗುರಗಲದ ಕನ್ನಡಿ. ಅದಕ್ಕೆ ಲೇಸರ್ ಬಿಟ್ಟರೆ ಮೂರು ಮೀಟರ್ ಆಚೆ ಗೋಡೆಯ ಮೇಲೆ ಕೆಂಪು ಚುಕ್ಕಿ. ಕಡ್ಡಿ ಒಂಚೂರು ತಿರುಗಿದರೂ ಚುಕ್ಕಿ ಸರಿಯುತ್ತದೆ.

ಜಾಸ್ತಿ ಕಾಡಿದ್ದು ದಾರ. ಹೊಲಿಗೆ ದಾರಕ್ಕೆ ಹುರಿ ಇರುತ್ತೆ, ತೇವದ ಗಾಳಿ ಬಂದರೆ ತಾನೇ ಬಿಚ್ಚಿಕೊಂಡು ತಿರುಗುತ್ತೆ. ಕೊನೆಗೆ ನಮ್ಮ ರೇಷ್ಮೆ ಹುಳುಮನೆಯ ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಯಿಂದ, ನಾಲ್ಕು ಗೂಡು ಬಿಡಿಸಿ ತಂದು, ಬಿಸಿನೀರಿಗೆ ಹಾಕಿ ಎಳೆ ತೆಗೆದೆ. ಹುರಿ ಮಾಡದೆ ಸುಮ್ನೆ ಒಟ್ಟಿಗೆ ಹಿಡಿದು ಕಟ್ಟಿದೆ. ಚುಕ್ಕಿ ನಿಂತಿತು! ಆದರೂ ದಿನಾ ಸಂಜೆ ಒಮ್ಮೆ ಜಿಗಿಯುತ್ತಿತ್ತು. ಗೋಡೆಯಾಚೆ ನನ್ನ ತಮ್ಮ ಬೈಕ್ ನಿಲ್ಲಿಸುವ ಹೊತ್ತು ಅದು, ಬೈಕಿನ ಕಬ್ಬಿಣದ ಕಾಟ.

ಇನ್ನೊಂದು ಮುಖ್ಯ ವಿಷಯ. 1741ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಸೆಲ್ಸಿಯಸ್ ಮತ್ತು ಹಿಯೋರ್ಟರ್ ಎಂಬ ವಿಜ್ಞಾನಿಗಳು, ಧ್ರುವಪ್ರಭೆ ಬಂದಾಗ ದಿಕ್ಸೂಚಿ ಮುಳ್ಳು ಅಲುಗುವುದನ್ನು ಗುರುತಿಸಿದರು. ಅಲ್ಲಿ ಬೆಳಕಿನ ಜೊತೆಗೇ ಆಕಾಶದಲ್ಲಿ ಹರಿಯುವ ವಿದ್ಯುತ್ತು ಮುಳ್ಳನ್ನು ಪಕ್ಕಕ್ಕೆ ತಳ್ಳುತ್ತದೆ. ನಮ್ಮಲ್ಲಿ ಹಾಗಲ್ಲ. ಸೂರ್ಯನ ಕಣಗಳು ಬಂದು ಭೂಮಿಯ ಅಯಸ್ಕಾಂತವನ್ನು ಅಲುಗಿಸುವ ‘ಅಯಸ್ಕಾಂತದ ಬಿರುಗಾಳಿ’ಯ ಹೊತ್ತಲ್ಲಿ ಭೂಮಿಯನ್ನು ಬಹು ದೂರದಿಂದ ಸುತ್ತುವ ವಿದ್ಯುತ್ತು ಉತ್ತರದ ಸೆಳೆತವನ್ನೇ ತಗ್ಗಿಸುತ್ತದೆ. ಉತ್ತರಕ್ಕೇ ಮುಖ ಮಾಡಿದ ಕಡ್ಡಿಗೆ ಅದು ತಿಳಿಯಲ್ಲ. ಹಾಗಾಗಿ ಹಳೇ ಸ್ಪೀಕರಿನ ಅಯಸ್ಕಾಂತವನ್ನು ತುಸು ದೂರ ಇಟ್ಟು, ಕಡ್ಡಿಯನ್ನು ಪೂರ್ವ-ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿದೆ. ಈಗ ಸೆಳೆತ ಹೆಚ್ಚುಕಮ್ಮಿಯಾದರೆ ಕಡ್ಡಿ ತಿರುಗಲೇಬೇಕು ಅಲ್ವಾ?

2024ರ ಮೇ 10, ಬಸವ ಜಯಂತಿ. ರಾತ್ರಿ 10.35ರ ಹೊತ್ತಿಗೆ ಚುಕ್ಕಿ ತಟ್ಟನೆ ಒಂದು ಕಡೆ ನೆಗೆಯಿತು. ಮೊದಲು ಹೊರಗೆ ಓಡಿ ನೋಡಿದೆ. ಬೈಕ್ ಇರಲಿಲ್ಲ. ಸೂರ್ಯನಿಂದ ಬಂದ ಕಣಗಳ ಅಲೆ ಭೂಮಿಯ ಅಯಸ್ಕಾಂತವನ್ನು ಒತ್ತಿದ ಗಳಿಗೆ ಅದು. ಆಮೇಲೆ ಚುಕ್ಕಿ ಹಿಂದಿರುಗಿ, ಮೊದಲಿದ್ದ ಜಾಗ ದಾಟಿ, ಇನ್ನೊಂದು ಕಡೆ ಸರಿಯುತ್ತಲೇ ಹೋಯಿತು. ಗಂಟೆಗೊಂದು ಪೆನ್ಸಿಲ್ ಗೆರೆ ಹಾಕುತ್ತಾ ಕೂತೆ. ಬೆಳಗಿನ ಕಾಫಿ ಹೊತ್ತಿಗೆ ನಾಲ್ಕು ಬೆರಳಷ್ಟು ದೂರ ಹೋಗಿತ್ತು. ಲೆಕ್ಕಕ್ಕೆ ಇದು ನಮ್ಮ ಉತ್ತರದ ಸೆಳೆತದ ನೂರರಲ್ಲಿ ಒಂದು ಪಾಲು, ಅಷ್ಟೇ.

ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಕ್ಯಾಮೆರಾಗಳು ಕೆಂಪು ಆಕಾಶ ಹಿಡಿದವು. ನಮ್ಮ ಮೇಲೆ ಬರೀ ಕತ್ತಲೆ. ಯುಗಾದಿಗೆ ಸುಣ್ಣ ಹೊಡೆಯುವಾಗ ಆ ಗೆರೆಗಳ ಜಾಗ ಬಿಟ್ಟು ಹೊಡೆದೆವು.