ಅರವತ್ತರ ನಂತರ ಡೆಡ್‌ಲಿಫ್ಟ್: ಬೆನ್ನು ಕಾಯ್ದುಕೊಂಡು ಭಾರ ಎತ್ತುವ ಕ್ರಮ

ದಾವಣಗೆರೆಯ ಯಾವ ಮನೆಯಲ್ಲಾದರೂ ಹಿರಿಯರು ಸೊಂಟ ಹಿಡಿದುಕೊಂಡಿದೆ ಎಂದರೆ, "ಇನ್ನು ಮೇಲೆ ನೀವು ಏನನ್ನೂ ಎತ್ತಬೇಡಿ" ಎಂಬ ಮಾತು ತಕ್ಷಣ ಬರುತ್ತದೆ. ಕಾಳಜಿಯೇನೋ ನಿಜ, ಆದರೆ 25 ಕಿಲೋ ಅಕ್ಕಿ ಚೀಲವನ್ನೋ, ತುಂಬಿದಾಗ ಸುಮಾರು 30 ಕಿಲೋ ತೂಗುವ ಸಿಲಿಂಡರನ್ನೋ ಸರಿಸದೆ ಸಂಸಾರ ನಡೆಯುವುದಿಲ್ಲ. ಎತ್ತುವುದನ್ನು ಬಿಟ್ಟಷ್ಟೂ ತೊಡೆ ಮತ್ತು ಬೆನ್ನಿನ ಸ್ನಾಯುಗಳು ಕರಗುತ್ತವೆ. ಕರಗಿದಷ್ಟೂ ಮುಂದಿನ ಸಣ್ಣ ಭಾರವೂ ಅಪಾಯಕಾರಿಯಾಗುತ್ತದೆ. ಆದ್ದರಿಂದ ನೆಲದ ಭಾರವನ್ನು ಹಿಡಿದು ನೆಟ್ಟಗೆ ಎದ್ದು ನಿಲ್ಲುವ ಡೆಡ್‌ಲಿಫ್ಟನ್ನು ಹಗುರವಾಗಿ, ಕ್ರಮಬದ್ಧವಾಗಿ ಕಲಿಯುವುದೇ ಲೇಸು.

ಮೂಳೆ ಸವೆತವಿರುವವರು, ಹಿಂದೆ ಬೆನ್ನುಮೂಳೆ ಮುರಿದಿದ್ದವರು, ಹತೋಟಿಗೆ ಬಾರದ ರಕ್ತದೊತ್ತಡ ಅಥವಾ ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಕಾಲಿನ ಶಕ್ತಿ ಕುಂದುವುದು, ತೊಡೆಸಂದಿನ ಸುತ್ತ ಜೋಮು ಹಿಡಿಯುವುದು, ಮೂತ್ರ ಹತೋಟಿ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮದ ಮಾತು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು.

ಮೊದಲ ಕೆಲವು ವಾರ ಭಾರವೇ ಬೇಡ. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಂತು, ಉದ್ದನೆಯ ಕೋಲೊಂದನ್ನು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ ಮತ್ತು ಬಾಲಮೂಳೆ ಮೂರಕ್ಕೂ ತಾಗುವಂತೆ ಹಿಡಿದುಕೊಳ್ಳಿ. ಮೊಣಕಾಲನ್ನು ತುಸು ಸಡಿಲಿಸಿ, ಪೃಷ್ಠ ಗೋಡೆಗೆ ತಾಗುವವರೆಗೆ ಅದನ್ನು ಹಿಂದಕ್ಕೆ ತಳ್ಳಿ, ತೊಡೆಸಂದಿನಲ್ಲಿ ಮಾತ್ರ ಮಡಿಯಿರಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟುಕೊಂಡರೂ ಬೆನ್ನು ಬಾಗಿದೆ ಎಂದೇ ಅರ್ಥ. ತೊಡೆಯ ಹಿಂಭಾಗ ಬಿಗಿದಂತೆ ಅನ್ನಿಸಿದರೆ ಸರಿಯಾದ ದಾರಿಯಲ್ಲಿದ್ದೀರಿ. ನೀರಸವೆನಿಸುವ ಈ ಪಾಠವನ್ನು ಹಾರಿಸಿ ನೇರವಾಗಿ ಬಾರ್‌ಗೆ (ಎರಡೂ ತುದಿಗೆ ತೂಕ ಸೇರಿಸುವ ಕಬ್ಬಿಣದ ಸರಳಿಗೆ) ಕೈಹಾಕಿಸುವ ತರಬೇತುದಾರರನ್ನು ನಾನಂತೂ ನಂಬುವುದಿಲ್ಲ.

ಆಮೇಲೆ ನಾಲ್ಕೈದು ಕಿಲೋದ ಡಂಬೆಲ್ ಅಥವಾ ಕೆಟಲ್‌ಬೆಲ್ (ಮೇಲೆ ಹಿಡಿಕೆಯಿರುವ ಕಬ್ಬಿಣದ ಗುಂಡು) ಅನ್ನು ಮೊಣಕಾಲಿನ ಎತ್ತರದ ಗಟ್ಟಿ ಸ್ಟೂಲಿನ ಮೇಲಿಟ್ಟು ಎತ್ತಬಹುದು. ಜಿಮ್ಮಿನ ಉದ್ದನೆಯ ಬಾರ್ ಖಾಲಿಯಿರುವಾಗಲೇ 20 ಕಿಲೋ ತೂಗುವುದರಿಂದ ಅದು ಆರಂಭದ ಭಾರವಲ್ಲ. ಚಪ್ಪಲಿ ಮತ್ತು ಮೆತ್ತನೆಯ ಶೂ ಕಳಚಿ, ಪಾದಗಳನ್ನು ಸೊಂಟದಷ್ಟು ಅಗಲಿಸಿ, ಭಾರವನ್ನು ದೇಹಕ್ಕೆ ಆದಷ್ಟು ಹತ್ತಿರ ಇಟ್ಟುಕೊಳ್ಳಿ. ಅದು ಒಂದು ಗೇಣು ಮುಂದೆ ಸರಿದರೂ ಬೆನ್ನಿನ ಮೇಲಿನ ಒತ್ತಡ ಬಹಳ ಹೆಚ್ಚುತ್ತದೆ. ಕೈಗಳನ್ನು ನೇರವಾಗಿಟ್ಟು, ಕಂಕುಳನ್ನು ಬಿಗಿದು, ನೆಲವನ್ನು ಪಾದಗಳಿಂದ ಒತ್ತುತ್ತಾ ಎದ್ದು ನಿಲ್ಲಿ. ಉಸಿರು ಕಟ್ಟಿದರೆ ರಕ್ತದೊತ್ತಡ ಒಮ್ಮೆಲೇ ಏರುವುದರಿಂದ ಏಳುವಾಗ ನಿಧಾನವಾಗಿ ಉಸಿರು ಬಿಡಬೇಕು. ಮೇಲೆ ನಿಂತಾಗ ಹಿಂದಕ್ಕೆ ವಾಲಬಾರದು. ಇಳಿಸುವಾಗ ಪೃಷ್ಠವೇ ಮೊದಲು ಹಿಂದೆ ಹೋಗಬೇಕು.

ನಮ್ಮೂರಿನ ಗರಡಿಮನೆಗಳಲ್ಲಿ ಸಾಮು ಮಾಡಿ ಬೆಳೆದವರಿಗೆ ಹಳೆಯ ಹುಮ್ಮಸ್ಸು ಬೇಗ ಮರಳುತ್ತದೆ. ಗುಂಡುಕಲ್ಲನ್ನು ಬೆನ್ನು ಬಾಗಿಸಿ ಅಪ್ಪಿ ಎತ್ತುವ ಆ ಪರಿ ಇಪ್ಪತ್ತೈದರ ಪೈಲ್ವಾನನಿಗೆ ಒಗ್ಗೀತು, ಎಪ್ಪತ್ತರ ಡಿಸ್ಕಿಗೆ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗೆ, ಒಗ್ಗದು.

ವಾರಕ್ಕೆ ಎರಡು ದಿನ, ನಡುವೆ ಒಂದೆರಡು ದಿನ ಬಿಟ್ಟು, ಎಂಟೆಂಟು ಬಾರಿಯಂತೆ ಎರಡು ಸುತ್ತು ಸಾಕು. ಇನ್ನೂ ಎರಡು ಮೂರು ಬಾರಿ ಎತ್ತಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. 65 ದಾಟಿದವರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ ಆಸ್ಟ್ರೇಲಿಯಾದ ಮಹಿಳೆಯರು ವಾರಕ್ಕೆರಡು ಬಾರಿ ಅರ್ಧ ಗಂಟೆಯಂತೆ ಎಂಟು ತಿಂಗಳು ಡೆಡ್‌ಲಿಫ್ಟ್ ಸಹಿತ ಭಾರದ ವ್ಯಾಯಾಮ ಮಾಡಿದಾಗ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಸುಮಾರು 3 ಶೇಕಡಾ ಹೆಚ್ಚಿತ್ತು. ಆದರೆ ಅವರು ತಜ್ಞರ ಕಣ್ಗಾವಲಿನಲ್ಲಿ ಎತ್ತಿದವರು ಎಂಬುದನ್ನು ಮರೆಯಬಾರದು.

ಏಪ್ರಿಲ್, ಮೇ ತಿಂಗಳ ಸೆಕೆಗೆ ಹೆದರಿ ಹಾಸಿಗೆಯಿಂದ ಎದ್ದವರೇ ಭಾರಕ್ಕೆ ಕೈಹಾಕಬೇಡಿ. ರಾತ್ರಿಯಿಡೀ ನೀರು ಹೀರಿ ಉಬ್ಬಿದ ಡಿಸ್ಕ್‌ಗಳು ಬೆಳಗಿನ ಮೊದಲ ತಾಸಿನಲ್ಲಿ ಬಾಗುವಿಕೆಯನ್ನು ಸಹಿಸುವುದಿಲ್ಲ. ಅಷ್ಟು ಹೊತ್ತು ನಡೆದಾಡಿ, ನಂತರ ಆರಂಭಿಸಿ. ಮರುದಿನ ತೊಡೆ ಮತ್ತು ಪೃಷ್ಠ ನೋಯುವುದು ಸಹಜ. ನೋವು ಕಾಲಿನುದ್ದಕ್ಕೂ ಮಿಂಚಿದಂತೆ ಇಳಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಎರಡು ವಾರಕ್ಕೊಮ್ಮೆ ಒಂದೆರಡು ಕಿಲೋ ಏರಿಸಿ, ಇಲ್ಲವೇ ಸ್ಟೂಲಿನ ಎತ್ತರವನ್ನು ನಾಲ್ಕು ಬೆರಳಷ್ಟು ಇಳಿಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಬೆನ್ನು ಬಾಗಿಸದೆ ನೆಲ ಮುಟ್ಟಲಾಗದವರು ಮೊಣಕಾಲಿನ ಎತ್ತರದಲ್ಲೇ ಉಳಿದು ತೂಕವನ್ನಷ್ಟೇ ಏರಿಸುತ್ತ ಹೋಗಬಹುದು.