ದೇವರಾಜ ಮಾರುಕಟ್ಟೆಯ ಜಿಪಿಎಸ್ ಚುಕ್ಕಿಗಳನ್ನು ಸರಿಪಡಿಸಿದ್ದು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಬರೀ ಹಾದುಹೋಗುತ್ತಾರೆ ಎಂದು ತಿಳಿಯಬೇಕಿತ್ತು. ಒಪ್ಪಿಗೆ ಕೊಟ್ಟ ಗ್ರಾಹಕರ ಮೊಬೈಲಿನ ಜಿಪಿಎಸ್ ದಾಖಲೆಯನ್ನು ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ತೆರೆದರೆ, ಹೂವಿನ ಸಾಲಿನಲ್ಲಿದ್ದವರು ಸಯ್ಯಾಜಿರಾವ್ ರಸ್ತೆಯ ನಟ್ಟನಡುವೆ ಕಂಡರು!

ಉಪಗ್ರಹದ ಸಂಕೇತ ಗೋಡೆಗೆ ಬಡಿದು ಸುತ್ತಿ ಬಂದಾಗ ಫೋನಿನ ಲೆಕ್ಕ ತಪ್ಪುತ್ತದೆ. ಆಂಡ್ರಾಯ್ಡ್ ಪ್ರತಿ ಚುಕ್ಕಿಯ ಜೊತೆ ನಿಖರತೆಯನ್ನೂ, ಅಂದರೆ ಚುಕ್ಕಿಯ ಸುತ್ತಲಿನ ಒಂದು ವೃತ್ತದ ತ್ರಿಜ್ಯವನ್ನು, ಮೀಟರಿನಲ್ಲಿ ಕೊಡುತ್ತದೆ. ನಿಜವಾದ ಜಾಗ ಆ ತ್ರಿಜ್ಯದೊಳಗೆ ಇರುವ ಸಾಧ್ಯತೆ ಸುಮಾರು 68%. ಹಾಗಾಗಿ 25 ಮೀಟರ್ ಮೀರಿದ್ದನ್ನೆಲ್ಲ ಕೈಬಿಟ್ಟೆ. ಅರ್ಧ ಗೊಂದಲ ಅಲ್ಲೇ ಕರಗಿತು.

ಅಕ್ಷಾಂಶ ರೇಖಾಂಶಗಳ ಡಿಗ್ರಿಯಲ್ಲಿ ದೂರ ಅಳೆಯುವುದು ಕಷ್ಟ. ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಮೈಸೂರು 43 ಉತ್ತರ ವಲಯದಲ್ಲಿದೆ. ಚುಕ್ಕಿಗಳನ್ನು ಆ ವಲಯದ ಸಂಕೇತವಾದ ಇಪಿಎಸ್‌ಜಿ 32643ಕ್ಕೆ ಬದಲಿಸಿದ ಮೇಲೆ ಎಲ್ಲವೂ ಮೀಟರಿಗೆ ಬಂತು.

ನಿಲುಗಡೆ ಗುರುತಿಸಲು, ಒತ್ತೊತ್ತಾಗಿರುವ ಚುಕ್ಕಿಗಳನ್ನು ಗುಂಪು ಮಾಡುವ ಡಿಬಿಸ್ಕ್ಯಾನ್ ಎಂಬ ವಿಧಾನ ಬಳಸಿದೆ. ಆದರೆ ಅದು ಜಾಗವನ್ನಷ್ಟೇ ನೋಡುತ್ತದೆ, ಸಮಯವನ್ನಲ್ಲ. ಬೆಳಿಗ್ಗೆ, ಸಂಜೆ ಒಂದೇ ಬಾಗಿಲಲ್ಲಿ ಹಾದುಹೋದವರನ್ನೂ ಇಡೀ ದಿನ ಅಲ್ಲೇ ನಿಂತವರೆಂದು ತೋರಿಸಿತು. ಮೊದಲು ಸಮಯದ ಅಂತರ ನೋಡಿ ಪ್ರಯಾಣಗಳನ್ನು ತುಂಡರಿಸಿ, ಆಮೇಲೆ ಗುಂಪು ಮಾಡಿದಾಗ ಹೂವು, ಬಾಳೆಹಣ್ಣು, ಕುಂಕುಮದ ಸಾಲುಗಳು ಬೇರೆಬೇರೆಯಾಗಿ ಎದ್ದು ಕಂಡವು. ಎಷ್ಟು ಖುಷಿಯಾಯಿತೆಂದರೆ!

ಸಮಯ ಯುಟಿಸಿಯಲ್ಲಿ, ಅಂದರೆ ಭಾರತದ ಸಮಯಕ್ಕಿಂತ ಹಿಂದಿರುವ ಜಾಗತಿಕ ಸಮಯದಲ್ಲಿತ್ತು, ಬೆಳಿಗ್ಗೆ 6ರ ಗಿರಾಕಿಗಳು ರಾತ್ರಿ 12:30ಕ್ಕೆ ಬಂದಂತಿತ್ತು. 5 ಗಂಟೆ 30 ನಿಮಿಷ ಕೂಡಿಸಿದೆ.

ಇಂಥ ಕೆಲಸ ಮಾಡುವವರಲ್ಲಿ ಒಂದು ಕೋರಿಕೆ: ಹೆಸರು ತೆಗೆದರೆ ಸಾಲದು. ರಾತ್ರಿ ಚುಕ್ಕಿ ಎಲ್ಲಿ ನಿಲ್ಲುತ್ತದೋ ಅದೇ ಮನೆ. ದಾರಿಯ ಎರಡೂ ತುದಿಗಳನ್ನು ಕತ್ತರಿಸಿಯೇ ನಕ್ಷೆಯನ್ನು ಬೇರೆಯವರಿಗೆ ಕೊಡಿ.