ಆಂಗಲ್ ಗ್ರೈಂಡರ್: ಸ್ವಿಚ್ ಒತ್ತುವ ಮೊದಲೇ ಮುಗಿಸಬೇಕಾದ ಕೆಲಸ

ಗೇಟು, ಕಿಟಕಿಯ ಗ್ರಿಲ್ಲು, ಕಬ್ಬಿಣದ ಪೈಪು, ತುಕ್ಕು ಹಿಡಿದ ಬೋಲ್ಟು, ಹೀಗೆ ಏನನ್ನು ಕತ್ತರಿಸಬೇಕಾದರೂ ಇಂದು ಕೈಗೆ ಬರುವುದು ನಾಲ್ಕು ಇಂಚಿನ ಆಂಗಲ್ ಗ್ರೈಂಡರ್. ಒಂದು ಕಾಲಕ್ಕೆ ವೆಲ್ಡಿಂಗ್ ಅಂಗಡಿಯಲ್ಲಷ್ಟೇ ಕಾಣುತ್ತಿದ್ದ ಈ ಯಂತ್ರ ಈಗ ಮನೆಯ ಅಟ್ಟದ ಮೇಲೂ ತೋಟದ ಶೆಡ್ಡಿನಲ್ಲೂ ಇದೆ. ಇದನ್ನು ಹಿಡಿದು ನಡೆಸುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಇದಕ್ಕೆ ಸರಿಯಾದ ಡಿಸ್ಕನ್ನು ಸರಿಯಾಗಿ ಕೂರಿಸುವುದನ್ನು ಕಲಿತವರು ಕಡಿಮೆ. ಮನೆ ಕಟ್ಟುವ ಜಾಗಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಸ್ವಿಚ್ ಒತ್ತುವ ಮೊದಲೇ ಆಗಿಹೋಗಿರುತ್ತವೆ. ಆದ್ದರಿಂದ ಇಲ್ಲಿ ಆ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಮೈಮೇಲಿನ ಸಿದ್ಧತೆ. ಲುಂಗಿ, ದುಪಟ್ಟಾ, ಸಡಿಲ ತೋಳಿನ ಅಂಗಿ ಬೇಡ. ಕಾಲ್ಬೆರಳು ಮುಚ್ಚುವ ಶೂ, ಕಿವಿಗೆ ಇಯರ್ ಪ್ಲಗ್, ಕಣ್ಣಿಗೆ ಪಕ್ಕಗಳೂ ಮುಚ್ಚುವ ಸೇಫ್ಟಿ ಗಾಗಲ್ಸ್, ಅದರ ಮೇಲೆ ಮುಖವನ್ನು ಪೂರ್ತಿ ಮುಚ್ಚುವ ಶೀಲ್ಡ್ ಇರಲಿ. ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸ್ ಈ ಕೆಲಸಕ್ಕೆ ಆಗುವುದಿಲ್ಲ. ನೂಲಿನ ಕೈಗವಸಿನ ಎಳೆ ಡಿಸ್ಕಿಗೆ ಸಿಕ್ಕಿದರೆ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಬಿಗಿಯಾಗಿ ಕೂರುವ ಚರ್ಮದ ಗವಸನ್ನು ಮಾತ್ರ ಹಾಕಿಕೊಳ್ಳಿ. ಕಿಡಿ ಹಾರುವ ದಿಕ್ಕಿನಲ್ಲಿ ಥಿನ್ನರ್, ಪೆಟ್ರೋಲ್, ಗೋಣಿಚೀಲ, ಕಿಟಕಿಯ ಗಾಜು ಇರಬಾರದು. ಗಾಜಿಗೆ ತಾಗಿದ ಕಿಡಿ ಅಲ್ಲೇ ಬೆಸೆದುಕೊಂಡು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ಲಗ್ ಮುರಿದಾಗ ವೈರಿನ ತುದಿಗಳನ್ನು ಬೆತ್ತಲೆ ಮಾಡಿ ಸಾಕೆಟ್ಟಿಗೆ ತುರುಕಿ, ಜಾರದಿರಲೆಂದು ಬೆಂಕಿಕಡ್ಡಿ ಸಿಕ್ಕಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಕೆಲವೇ ರೂಪಾಯಿಯ ಪ್ಲಗ್ ಉಳಿಸಲು ಜೀವವನ್ನು ಒತ್ತೆಯಿಡುವ ಕೆಲಸ ಇದು, ದಯವಿಟ್ಟು ಮಾಡಬೇಡಿ. ಎಕ್ಸ್‌ಟೆನ್ಷನ್ ಬೋರ್ಡಿನ ವೈರ್ 1.5 ಚದರ ಮಿಲಿಮೀಟರಿಗಿಂತ ತೆಳ್ಳಗಿರಬಾರದು, ಸುರುಳಿಯನ್ನು ಪೂರ್ತಿ ಬಿಚ್ಚಿರಬೇಕು, ಮತ್ತು ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನನ್ನು ತಾನೇ ಕಡಿಯುವ ಸ್ವಿಚ್) ಇರಬೇಕು.

ಇನ್ನು ಡಿಸ್ಕ್. ನಾಲ್ಕು ಇಂಚಿನ ಯಂತ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿರುತ್ತದೆ; ಒಡೆದ ಚೂರು ಅದೇ ವೇಗದಲ್ಲಿ ಹಾರುತ್ತದೆ. ಒಂದು ಡಿಸ್ಕ್ ಎಷ್ಟು ವೇಗವನ್ನು ತಾಳಬಲ್ಲದು ಎಂಬುದು ಅದರ ಮೇಲೆ ಅಚ್ಚಾಗಿರುತ್ತದೆ. ಸೆಕೆಂಡಿಗೆ 80 ಮೀಟರ್ ಅಂಚಿನ ವೇಗಕ್ಕೆ ಮಾಡಿದ ಡಿಸ್ಕುಗಳಲ್ಲಿ ನಾಲ್ಕು ಇಂಚಿನದರ ಮಿತಿ ಸುಮಾರು 15,300 ಸುತ್ತು, ಐದು ಇಂಚಿನದರ ಮಿತಿ 12,200, ಏಳು ಇಂಚಿನದರ ಮಿತಿ 8,500, ಚಾಪ್ ಸಾ (ಕೆಳಗಿಟ್ಟು ಕಬ್ಬಿಣ ತುಂಡರಿಸುವ ದೊಡ್ಡ ಯಂತ್ರ) ಬಳಸುವ 14 ಇಂಚಿನದರ ಮಿತಿ ಕೇವಲ 4,300. ಚಾಪ್ ಸಾದಲ್ಲಿ ಸವೆದು ನಾಲ್ಕೈದು ಇಂಚಿಗೆ ಇಳಿದ ಡಿಸ್ಕನ್ನು 'ಇನ್ನೂ ಚೆನ್ನಾಗಿದೆಯಲ್ಲ' ಎಂದು ಚಿಕ್ಕ ಗ್ರೈಂಡರಿಗೆ ಹಾಕುವವರಿದ್ದಾರೆ. ಅಳತೆಯಲ್ಲಿ ಅದು ಚಿಕ್ಕದಾಗಿರಬಹುದು, ಆದರೆ ಅದರ ಮೇಲೆ ಬರೆದ ಮಿತಿ ಬದಲಾಗಿರುವುದಿಲ್ಲ. ಅದರ ನಡುವಿನ ತೂತು 25.4 ಮಿಲಿಮೀಟರ್, ಚಿಕ್ಕ ಯಂತ್ರಕ್ಕೆ ಬೇಕಾದದ್ದು 16. ಈ ವ್ಯತ್ಯಾಸವನ್ನು ಇನ್ಸುಲೇಷನ್ ಟೇಪ್ ಸುತ್ತಿ ತುಂಬಿದರೆ ಡಿಸ್ಕ್ ನಡುವಿಗೆ ಕೂರುವುದಿಲ್ಲ, ಅದುರುತ್ತದೆ, ಅದುರುತ್ತಲೇ ಒಡೆಯುತ್ತದೆ. ಐದು ಇಂಚಿನ ಡಿಸ್ಕ್ ಹಿಡಿಸಲೆಂದು ಗಾರ್ಡನ್ನು, ಅಂದರೆ ಡಿಸ್ಕಿನ ಒಂದು ಪಕ್ಕವನ್ನು ಮುಚ್ಚುವ ಲೋಹದ ಕವಚವನ್ನು, ಬಿಚ್ಚಿಡುವುದೂ ಇಷ್ಟೇ ಕೆಟ್ಟದ್ದು. ಗಾರ್ಡ್ ಇಲ್ಲದ ಗ್ರೈಂಡರನ್ನು ನಾನು ಕೈಯಲ್ಲಿ ಹಿಡಿಯುವುದಿಲ್ಲ, ಬಾಡಿಗೆಗೆ ತರುವವರೂ ಹಿಡಿಯಬಾರದು.

ಡಿಸ್ಕಿನ ನಡುವಿನ ಲೋಹದ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲಿ ಅವಧಿ ಮುಗಿಯುವ ತಿಂಗಳು ಮತ್ತು ವರ್ಷವನ್ನು ಅಚ್ಚೊತ್ತಿರುತ್ತಾರೆ. ತಯಾರಾಗಿ ಮೂರು ವರ್ಷವೆಂಬುದು ವಾಡಿಕೆ. ಡಿಸ್ಕಿನ ಕಣಗಳನ್ನು ಹಿಡಿದಿಟ್ಟಿರುವ ಅಂಟು ತೇವ ಹೀರಿ ಸಡಿಲವಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಶೆಡ್ಡಿನ ಮೊಳೆಗೆ ನೇತುಹಾಕಿದ ಡಿಸ್ಕನ್ನು ದಿನಾಂಕ ಉಳಿದಿದ್ದರೂ ನಂಬಬೇಡಿ. ಸುತ್ತಿನ ಮಿತಿಯಾಗಲಿ ದಿನಾಂಕವಾಗಲಿ ಇಲ್ಲದೆ ರಾಶಿಯಲ್ಲಿ ಮಾರುವ ಅಗ್ಗದ ಡಿಸ್ಕನ್ನು ಕೊಳ್ಳಲೇಬೇಡಿ. ಅದಕ್ಕಿಂತ ಅಪಾಯಕಾರಿಯಾದದ್ದು ಮರ ಕೊಯ್ಯಲೆಂದು ಗ್ರೈಂಡರಿಗೆ ಹಾಕುವ ಹಲ್ಲಿನ ಬ್ಲೇಡು. ಹಲ್ಲು ಗಂಟಿಗೆ ಕಚ್ಚಿದ ಕ್ಷಣ ಯಂತ್ರ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಚಿಮ್ಮುತ್ತದೆ. ಮರಕ್ಕೆ ಬೇರೆ ಗರಗಸಗಳಿವೆ, ಅವನ್ನು ಬಳಸಿ.

ಡಿಸ್ಕ್ ಕೂರಿಸುವಾಗ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆಫ್ ಆಗಿದ್ದರೆ ಸಾಲದು. ಯಂತ್ರವನ್ನು ಮಲಗಿಸಿ ಸ್ಪಿಂಡಲ್ಲಿನ (ಡಿಸ್ಕನ್ನು ತಿರುಗಿಸುವ ದಂಡದ) ಮೇಲೆ ಒಳ ಫ್ಲೇಂಜ್ (ಡಿಸ್ಕಿನ ಕೆಳಗೆ ಕೂರುವ ಲೋಹದ ಬಿಲ್ಲೆ) ಇಡಿ. ಸ್ಪಿಂಡಲ್ಲಿನ ಚಪ್ಪಟೆ ಭಾಗಕ್ಕೆ ಅದು ಸರಿಯಾಗಿ ಕೂತರೆ ಬೆರಳಿನಲ್ಲಿ ತಿರುಗಿಸಿದಾಗ ಸ್ಪಿಂಡಲ್ಲೂ ಜೊತೆಗೆ ತಿರುಗುತ್ತದೆ. ಫ್ಲೇಂಜಿನ ಮೇಲೆ ಹಳೆಯ ಡಿಸ್ಕಿನ ಪುಡಿ ಅಂಟಿದ್ದರೆ ಬಟ್ಟೆಯಿಂದ ಒರೆಸಿ, ಏಕೆಂದರೆ ಒಂದು ಸಣ್ಣ ಕಣವೂ ಡಿಸ್ಕನ್ನು ಓರೆ ಮಾಡಬಲ್ಲದು. ಡಿಸ್ಕಿನ ತೂತು ಫ್ಲೇಂಜಿನ ಉಬ್ಬಿಗೆ ಅಲುಗಾಟವಿಲ್ಲದೆ ಹೊಂದಿಕೊಳ್ಳಬೇಕು. ಅನಂತರ ಬರುವ ನಟ್ಟಿನಲ್ಲೇ ಹೆಚ್ಚಿನವರು ಎಡವುತ್ತಾರೆ. ಅದರ ಒಂದು ಮುಖ ಚಪ್ಪಟೆ, ಇನ್ನೊಂದರಲ್ಲಿ ಸಣ್ಣ ಉಬ್ಬು. ದಪ್ಪ ಗ್ರೈಂಡಿಂಗ್ ಡಿಸ್ಕಿಗೆ ಉಬ್ಬು ಡಿಸ್ಕಿನ ಕಡೆಗೆ, ಒಂದು ಮಿಲಿಮೀಟರಿನ ತೆಳು ಕಟಿಂಗ್ ಡಿಸ್ಕಿಗೆ ಉಬ್ಬು ಹೊರಕ್ಕೆ ಇರಬೇಕು. ತೆಳು ಡಿಸ್ಕಿಗೆ ತಿರುಗುಮುರುಗಾಗಿ ಹಾಕಿದರೆ ನಟ್ಟು ಬಿಗಿಯಾದಂತೆ ಕಂಡರೂ ಡಿಸ್ಕ್ ಸಡಿಲವಾಗಿಯೇ ಇರುತ್ತದೆ. ಸ್ಪಿಂಡಲ್ ಲಾಕ್ ಗುಂಡಿ ಒತ್ತಿ, ಯಂತ್ರದ ಜೊತೆ ಬಂದ ಎರಡು ಮೊನೆಯ ಸ್ಪ್ಯಾನರಿನಲ್ಲಿ ಬಿಗಿಯಿರಿ. ಉಳಿಯನ್ನಿಟ್ಟು ಸುತ್ತಿಗೆಯಿಂದ ಬಡಿದು ಬಿಗಿಯುವುದು ಡಿಸ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡಿಸುವ ದಾರಿ. ಕೊನೆಗೆ ಡಿಸ್ಕನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ, ಅಂಚು ಓಲಾಡದೆ ಗಾರ್ಡಿಗೆ ತಾಗದೆ ಸುತ್ತಬೇಕು.

ಗಾರ್ಡಿನ ಮುಚ್ಚಿದ ಭಾಗವನ್ನು ನಿಮ್ಮ ಕಡೆಗೆ ತಿರುಗಿಸಿ ಬಿಗಿದು, ಪಕ್ಕದ ಹಿಡಿಯನ್ನೂ ಹಾಕಿ. ಈಗ ಪ್ಲಗ್ ಸಿಕ್ಕಿಸಿ, ಡಿಸ್ಕಿನ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಂಡು, ಕೆಲಸಕ್ಕೆ ತಾಗಿಸದೆ ಒಂದು ನಿಮಿಷ ಓಡಿಸಿ. ಒಡೆಯಬೇಕಾದ ಡಿಸ್ಕ್ ಸಾಮಾನ್ಯವಾಗಿ ಆಗಲೇ ಒಡೆಯುತ್ತದೆ. ಅದುರಾಟ ಕಂಡರೆ ನಿಲ್ಲಿಸಿ, ಡಿಸ್ಕನ್ನು ಎಸೆಯಿರಿ.

ಕತ್ತರಿಸುವಾಗ ನೆನಪಿಡಬೇಕಾದದ್ದು ಒಂದೇ: ಕೊಯ್ದ ಸೀಳು ತೆರೆದುಕೊಳ್ಳಬೇಕು, ಮುಚ್ಚಿಕೊಳ್ಳಬಾರದು. ಎರಡು ಇಟ್ಟಿಗೆಗಳ ಮೇಲೆ ಪೈಪಿನ ಎರಡು ತುದಿಗಳನ್ನಿಟ್ಟು ನಡುವೆ ಕೊಯ್ದರೆ, ಸೀಳು ಆಳವಾದಂತೆ ಪೈಪು ಕೆಳಕ್ಕೆ ಬಾಗಿ ಡಿಸ್ಕನ್ನು ಇಕ್ಕಳದಂತೆ ಕಚ್ಚಿ ಹಿಡಿಯುತ್ತದೆ. ಯಂತ್ರ ಎದೆಗೋ ತೊಡೆಗೋ ಚಿಮ್ಮುವುದು ಆಗಲೇ. ಪೈಪಿನ ಉದ್ದದ ಭಾಗವನ್ನು ವೈಸಿನಲ್ಲಿ ಬಿಗಿದು, ಕತ್ತರಿಸಿ ಬೀಳಬೇಕಾದ ತುಂಡನ್ನು ಹೊರಚಾಚಿ ಬಿಡಿ. ಕಾಲಿನಿಂದ ತುಳಿದು ಹಿಡಿಯುವ ಪದ್ಧತಿ ಎಲ್ಲೆಡೆ ಇದೆ, ಆದರೂ ಅದನ್ನು ಯಾರಿಗೂ ಕಲಿಸಬೇಡಿ. ಡಿಸ್ಕ್ ಪೂರ್ತಿ ವೇಗಕ್ಕೆ ಬಂದ ಮೇಲೆ ಕೆಲಸಕ್ಕೆ ಇಳಿಸಿ, ಒತ್ತಬೇಡಿ, ಯಂತ್ರದ ತೂಕವೇ ಸಾಕು. ಕಟಿಂಗ್ ಡಿಸ್ಕಿನ ಪಕ್ಕದಿಂದ ವೆಲ್ಡಿಂಗ್ ಉಬ್ಬನ್ನು ಉಜ್ಜಬೇಡಿ. ಅದಕ್ಕೆ ಆರು ಮಿಲಿಮೀಟರಿನ ದಪ್ಪ ಡಿಸ್ಕನ್ನು 15ರಿಂದ 30 ಡಿಗ್ರಿ ಓರೆಯಲ್ಲಿ ಹಿಡಿಯಬೇಕು. ಸ್ವಿಚ್ ಆಫ್ ಮಾಡಿದ ಮೇಲೂ ಡಿಸ್ಕ್ ಹಲವು ಸೆಕೆಂಡು ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಂತ ಮೇಲೆಯೇ ನೆಲಕ್ಕಿಡಿ.

ನಿರ್ವಹಣೆಗೆ ಹೆಚ್ಚು ಹೊತ್ತು ಬೇಡ. ಕಬ್ಬಿಣದ ಪುಡಿಯಲ್ಲಿ ವಿದ್ಯುತ್ ಹರಿಯುವುದರಿಂದ ಅದು ಗಾಳಿಕಿಂಡಿಗಳೊಳಗೆ ತುಂಬಲು ಬಿಡಬಾರದು. ಕೆಲಸ ಮುಗಿದಾಗಲೆಲ್ಲ ಬ್ಲೋವರಿನಿಂದ ಊದಿ. ಯಂತ್ರ ತಡೆದು ತಡೆದು ಓಡಿದರೆ ಕಾರ್ಬನ್ (ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಎರಡು ಸಣ್ಣ ತುಂಡುಗಳು) ತೆಗೆದು ನೋಡಿ. ಐದಾರು ಮಿಲಿಮೀಟರ್ ಉಳಿದಿದ್ದರೆ ಬದಲಾಯಿಸುವ ಹೊತ್ತು ಬಂದಿದೆ, ಒಂದು ಸವೆದಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ. ನಿಮ್ಮ ಮಾಡೆಲ್ಲಿನದೇ ಕಾರ್ಬನ್ ಕೇಳಿ ತನ್ನಿ. ಬೇರೆ ಅಳತೆಯದನ್ನು ಅರದಿಂದ ಉಜ್ಜಿ ಕೂರಿಸಿದರೆ ಕೆಲವು ದಿನಗಳಲ್ಲಿ ಆ ತಿರುಗುವ ಭಾಗವೇ (ಆರ್ಮೇಚರ್) ಹಾಳಾಗಿ ಹತ್ತು ಪಟ್ಟು ಖರ್ಚು ಬರುತ್ತದೆ. ಹೊಸ ಕಾರ್ಬನ್ ಹಾಕಿದ ಮೇಲೂ ಒಳಗೆ ಸುತ್ತಲೂ ನೀಲಿ ಕಿಡಿ ಉಂಗುರದಂತೆ ಕಂಡರೆ ರಿಪೇರಿಯವರಿಗೆ ಒಪ್ಪಿಸಿ. ವೈರ್ ಯಂತ್ರದೊಳಗೆ ಹೋಗುವ ಜಾಗದಲ್ಲಿ ಸಿಪ್ಪೆ ಬಿರಿದಿದ್ದರೆ ಟೇಪ್ ಸುತ್ತದೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಜೋಡಿಸಿಸಿ.

ಡಿಸ್ಕುಗಳನ್ನು ಒಣ ಡಬ್ಬಿಯಲ್ಲಿ ಮಟ್ಟಸವಾಗಿ ಮಲಗಿಸಿಡಿ. ಅವಧಿ ಮುಗಿದವನ್ನೂ ಕೆಳಗೆ ಬಿದ್ದವನ್ನೂ ಕಸಕ್ಕೆ ಹಾಕುವ ಮೊದಲು ಸುತ್ತಿಗೆಯಿಂದ ಎರಡು ತುಂಡು ಮಾಡಿ, ಇಲ್ಲದಿದ್ದರೆ ಅವು ಇನ್ನೊಬ್ಬರ ಯಂತ್ರಕ್ಕೆ ಹೋಗುತ್ತವೆ.